ತೊಳೆ, ಕಾಯಿ

ಡೆಬ್ರೆಟ್ಸೆನ್ನಿನ ಔಷಧಶಾಸ್ತ್ರ ವಿಭಾಗದ ನೆಲಮಾಳಿಗೆಯಲ್ಲಿ
ಗಿನಿಯಿಲಿಯ ಎರಡಂಗುಲ ಕರುಳು
ಮೂವತ್ತೇಳು ಡಿಗ್ರಿಯ ಉಪ್ಪುನೀರಲ್ಲಿ ನೇತಾಡುತ್ತಿದೆ.
ಕೆಳಗೆ ಗಾಜಿನ ಕೊಕ್ಕೆ, ಮೇಲೆ ದಾರ,
ದಾರದ ತುದಿಗೆ ಸನ್ನೆಗೋಲು, ಅದರ ತುದಿಗೆ ಲೇಖನಿ.
ಇಲಿ ಸತ್ತು ಮೂರು ಗಂಟೆಯಾಯಿತು;
ಕರುಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ಚೆಂಗೆ ಒಂದು ಹನಿ ಅಸಿಟೈಲ್‌ಕೋಲಿನ್ ಬಿಟ್ಟಳು.
ಕರುಳು ಮುದುಡಿತು, ಲೇಖನಿ ಗುಡ್ಡ ಬರೆಯಿತು.
"ಯಾರೋ ಇದ್ದಾರೆ ಒಳಗೆ," ಎಂದಳು ಪಿರೋಶ್ಕಾ,
ಮೂವತ್ತೊಂದು ವರ್ಷ ಅದೇ ಸ್ಟೂಲು, ಅದೇ ಮಾತು.

ಕಣ್ಣಿಗೆ ಬೀಳುವ ಮೊದಲೇ ಹೆಸರು ಪಡೆದವು ಇವು,
ಬರೀ ಓಗೊಟ್ಟ ದನಿಯಿಂದ.
ಕನ್ನಡದಲ್ಲಿ ಗ್ರಾಹಕ ಎಂದೆವು: ಅಂಗಡಿಗೆ ಬರುವವನ ಹೆಸರು.
ಇಲ್ಲಿ ವ್ಯಾಪಾರವೇ ತಿರುಗುಮುರುಗು,
ಗ್ರಾಹಕ ಗೋಡೆಯಲ್ಲಿ ಹೂತು ಕುಳಿತಿದ್ದಾನೆ,
ಸರಕು ಅವನನ್ನು ಹುಡುಕುತ್ತ ನೆತ್ತರಿನ ಬೀದಿ ಅಲೆಯುತ್ತದೆ.

ಇನ್ನು ಬಾಗಿಲ ಮೇಲಿನ ಹೆಸರೋ,
ಮನೆಯವರದಲ್ಲ, ಕನ್ನ ಹಾಕಿದವರದು!
ಹೊಗೆಸೊಪ್ಪಿನ ವಿಷಕ್ಕೆ ತೆರೆದದ್ದು ನಿಕೋಟಿನಿಕ್,
ಅಣಬೆಯ ವಿಷಕ್ಕೆ ತೆರೆದದ್ದು ಮಸ್ಕರಿನಿಕ್.
ಎರಡನ್ನೂ ದಿನಾ ತಟ್ಟುವ ಒಡೆಯ ಒಬ್ಬನೇ;
ಅವನ ಹೆಸರು ಬೀದಿಗೆ ಸಿಕ್ಕಿತು, ಬಾಗಿಲಿಗೆ ಸಿಗಲಿಲ್ಲ.
ಪಿರೋಶ್ಕಾಳ ಅಪ್ಪ ನ್ಯೀರ್‌ಶೇಗಿನಲ್ಲಿ ಹೊಗೆಸೊಪ್ಪು ಪೋಣಿಸುತ್ತಿದ್ದ,
ಅಜ್ಜಿ ಕಾಡಿನಲ್ಲಿ ಅಣಬೆ ಆರಿಸುತ್ತಿದ್ದಳು.
"ಎರಡೂ ಬಣದವರು ಒಂದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದೆವು."

ಬಣಗಳು ಮತ್ತೆ ಒಡೆದವು. ಎಂ ಒಂದು, ಎಂ ಎರಡು, ಐದರ ತನಕ.
ಯಾರು ಮಾತಾಡಿಸಿದರು ಎಂಬುದರಿಂದ ಮಾತ್ರವಲ್ಲ,
ಯಾರು ಬಾಯಿ ಮುಚ್ಚಿಸಿದರು ಎಂಬುದರಿಂದಲೂ ಗುರುತು.
ಮುಚ್ಚಿಸುವವನು ಬಂದು ಪೀಠದಲ್ಲಿ ಕೂರುತ್ತಾನೆ,
ತುಟಿ ಬಿಚ್ಚುವುದಿಲ್ಲ, ಕೂರುವುದೊಂದೇ ಕೆಲಸ.
ಹತ್ತು ಪಟ್ಟು ಕೂಗು, ನೂರು ಪಟ್ಟು ಕೂಗು:
ರೇಖೆ ಬಲಕ್ಕೆ ಸರಿಯುತ್ತದೆ, ಎತ್ತರ ತಗ್ಗದೆ.
ಎಷ್ಟು ಸರಿಯಿತೋ ಅಷ್ಟು ಆ ಮೌನದ ತೂಕ.

ಬೀಗ, ಕೀಲಿ ಎಂದು ಬರೆದಿದ್ದಳು ಚೆಂಗೆ ನೋಟ್‌ಬುಕ್ಕಿನಲ್ಲಿ.
ಪಿರೋಶ್ಕಾ ಪೆನ್ಸಿಲಿನಿಂದ ಹೊಡೆದು ಹಾಕಿದಳು.
ಬೀಗಕ್ಕೆ ದಣಿವುಂಟೆ?
ಒಂದೇ ಕೀಲಿಯ ಕಾಟ ತಾಳದೆ
ಬಾಗಿಲೊಳಕ್ಕೆ ಜಾರಿ ಅಡಗುವುದುಂಟೆ?
ಯಾರೂ ಬಾರದ ರಾತ್ರಿ ತನ್ನಷ್ಟಕ್ಕೆ ಗುನುಗುವುದುಂಟೆ?

ಫೆಬ್ರವರಿಯ ಒಂದು ಬುಧವಾರ
ಅವಳು ಕಣ್ಣಾಸ್ಪತ್ರೆಯಿಂದ ತಡವಾಗಿ ಬಂದಳು.
ಅಟ್ರೊಪಿನ್ ಹನಿ ಬಿಟ್ಟಿದ್ದರು. ಪಾಪೆ ಬಾವಿಯಷ್ಟಗಲ.
ಹಿಮದ ಮೇಲಿನ ಬಿಸಿಲಿಗೆ ಟ್ರಾಮಿನ ನಂಬರು ಕರಗಿ,
ಎರಡು ನಿಲ್ದಾಣ ಮುಂದೆ ಇಳಿದು,
ಗೋಡೆ ಹಿಡಿದು ನಡೆದು ಬಂದಿದ್ದಳು.

ಅದೇ ಹೊತ್ತಿಗೆ ಚೆಂಗೆಯೂ ಕರುಳಿಗೆ ಅಟ್ರೊಪಿನ್ ಕೊಟ್ಟಿದ್ದಳು.

"ನನಗೆ ಅಳತೆಗೆರೆ ಕಾಣದು. ನೀನೇ ಓದು."
"ಏನಿಲ್ಲ. ಚಪ್ಪಟೆ."
"ನನ್ನ ಕಣ್ಣೊಳಗೂ ಅಷ್ಟೇ," ಎಂದು ನಕ್ಕಳು,
"ಎಂ ಮೂರು. ಇಲ್ಲೂ ಅದೇ, ಅಲ್ಲೂ ಅದೇ.
ಮನೆ ಬೇರೆ. ತೊಳೆ."

ಚೆಂಗೆ ನೀರು ಬದಲಿಸಿದಳು. ಮತ್ತೊಮ್ಮೆ. ಆರು ಸಲ.
"ಕಾಯಬೇಕೆ?"
"ಕಾಯದೆ? ಕರುಳಿಗೆ ಸಂಜೆ ತನಕ.
ನನಗೆ ಒಂದು ವಾರ ಎಂದಿದ್ದಾನೆ ಡಾಕ್ಟರ್."

ಕಿಟಕಿಯ ಕಡೆ ಬೆನ್ನು ಹಾಕಿ ಕುಳಿತಳು.
ಕಪಾಟಿನ ಅಡಿಯ ಖಾನೆಯಲ್ಲಿ ಹಳೆಯ ಚೀಟಿಗಳಿದ್ದವು,
ಅನಾಥ ಎಂದು ಮುದ್ರೆ ಬಿದ್ದವು:
ವಂಶವಾಹಿಯಲ್ಲಿ ವಿಳಾಸವಿದೆ, ಗೋಡೆಯಲ್ಲಿ ಜಾಗವಿದೆ,
ಕರೆಯುವವರು ಯಾರೆಂದು ಯಾರಿಗೂ ಗೊತ್ತಿಲ್ಲ.
ಒಂದೊಂದಾಗಿ ಓದಿಸಿಕೊಂಡಳು.
ಕೆಲವಕ್ಕೆ ಈಚೆಗೆ ದಿಕ್ಕು ಸಿಕ್ಕಿತ್ತು; ಅವನ್ನು ಬೇರೆ ಇಡಲು ಹೇಳಿದಳು.
ಉಳಿದವಕ್ಕೆ ರಬ್ಬರ್ ಬ್ಯಾಂಡ್ ಹಾಕಿಸಿದಳು, ಬಿಗಿಯಾಗಿ ಬೇಡ ಎಂದು.

ಐದೂವರೆಗೆ ಚೆಂಗೆ ಮತ್ತೆ ಒಂದು ಹನಿ ಬಿಟ್ಟಳು.
ಕಾಗದದ ಮೇಲೆ ಲೇಖನಿ ಕೆರೆದ ಸದ್ದು
ಮೊದಲು ಕೇಳಿಸಿದ್ದು ಪಿರೋಶ್ಕಾಳಿಗೆ.
"ಎಷ್ಟು?"
"ಮೂರು ಮಿಲಿಮೀಟರ್. ಅಷ್ಟೂ ಇಲ್ಲವೇನೋ."
"ಬರೆದುಕೋ."